ಕೃಷ್ಣಮಸಿ ಮೀಮಾಂಸೆ
ಅರ್ಥಾತ್, ಹದಿನಾಲ್ಕನೇ ಮಹಡಿಯ ಗೃಹಸ್ಥನು ಕಪ್ಪು-ಬಿಳುಪು ಚಿತ್ರಕ್ಕಾಗಿ ಪ್ರಿಂಟರ್ ಆರಿಸುವ ವಿಧಿ

ಯಾವ ಶಾಸ್ತ್ರಕ್ಕೂ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ನಾಲ್ಕು ಅನುಬಂಧಗಳಿರಬೇಕೆಂಬುದು ಹಿರಿಯರ ಕಟ್ಟಳೆ. ಇಲ್ಲಿ ಅಧಿಕಾರಿ ಎಂದರೆ ಹಾಸನದ ಕಡೆಯಿಂದ ಗುರುಗ್ರಾಮಕ್ಕೆ ಬಂದು, ಒಂದು ಭಾನುವಾರ ಬೇರೇನೂ ತೋಚದೆ ಸೆಕ್ಟರ್ 28ರ ಮ್ಯೂಸಿಯೋ ಕ್ಯಾಮೆರಾಕ್ಕೆ ಹೋಗಿ ಕೆಟ್ಟವನು. ಛಾಯಾಗ್ರಾಹಕ ಆದಿತ್ಯ ಆರ್ಯ ಅವರು ಕೂಡಿಟ್ಟ ಹಳೆಯ ಕ್ಯಾಮೆರಾಗಳ ಈ ಸಂಗ್ರಹಾಲಯ 2019ರಲ್ಲಿ ಬಾಗಿಲು ತೆರೆಯಿತು. ಒಳಹೊಕ್ಕ ಸಾಫ್ಟ್‌ವೇರ್ ಎಂಜಿನಿಯರು ಹೊರಬರುವಾಗ ಬಣ್ಣದ ವಿಷಯದಲ್ಲಿ ವಿರಕ್ತನಾಗಿರುತ್ತಾನೆ. ವಿಷಯ: ಕಪ್ಪು. ಸಂಬಂಧ: ಕ್ರೆಡಿಟ್ ಕಾರ್ಡಿಗೂ ಕಂತಿಗೂ ಇರುವಂಥದು. ಪ್ರಯೋಜನವನ್ನು ಹೆಂಡತಿ ಕೇಳುತ್ತಾಳೆ, ಆಗ ನೋಡಿಕೊಳ್ಳೋಣ.

ಮೊದಲ ಜಿಜ್ಞಾಸೆ: ಕಪ್ಪು ಎಷ್ಟು?

ಒಂದೇ, ಎನ್ನುತ್ತಾರೆ ಲೇಸರ್‌ವಾದಿಗಳು. ಅವರ ಪ್ರಕಾರ ಬೂದು ಎಂಬುದು ಮಿಥ್ಯೆ. ಟೋನರಿಗೆ ನಿಜಕ್ಕೂ ಕಪ್ಪೊಂದೇ ಗೊತ್ತು. ಬೂದು ಬೇಕಾದಲ್ಲಿ ಚುಕ್ಕೆಗಳನ್ನು ವಿರಳವಾಗಿ ಇಟ್ಟು ಕಣ್ಣಿಗೆ ಮಂಕುಬೂದಿ ಎರಚುತ್ತದೆ. ಬಾಡಿಗೆ ಕರಾರಿಗೆ ಇಷ್ಟು ಮಾಯೆ ಸಾಕು. ಅಜ್ಜಿಯ ಫೋಟೋಗೆ ಸಾಲದು. ಕೆನ್ನೆಯ ಮೇಲೆ ರಾಗಿ ಚೆಲ್ಲಿದ ಹಾಗೆ ಕಾಣುತ್ತದೆ.

ಇಂಕ್ ಟ್ಯಾಂಕ್ ಪಂಥದವರದು ವರ್ಣಸಂಕರ. ಅವರ ಬಾಟಲಿಗಳಲ್ಲಿ ಸಾಮಾನ್ಯವಾಗಿ ಕಪ್ಪು ಒಂದೇ. ಬೂದಿಗೆ ಸಯಾನ್, ಮೆಜೆಂಟಾ, ಹಳದಿ ಕಲೆಸುತ್ತಾರೆ. ಖರ್ಚು ಕಮ್ಮಿ, ಒಪ್ಪೋಣ. ಆದರೆ ಬೆಳಕು ಬದಲಾದಂತೆ ಆ ಬೂದು ಬಣ್ಣ ಕಾರುತ್ತದೆ. ಹಾಲ್‌ನ ಬಲ್ಬಿನ ಕೆಳಗೆ ಆರೋಗ್ಯವಾಗಿದ್ದ ಮಾವನವರು ಬಾಲ್ಕನಿಗೆ ತಂದೊಡನೆ ಹಸಿರಾಗುತ್ತಾರೆ.

ದ್ವೈತಿಗಳಿಗೆ ಕಪ್ಪು ಎರಡು: ಹೊಳಪಿನ ಕಾಗದಕ್ಕೆ ಫೋಟೋ ಬ್ಲ್ಯಾಕ್, ಹತ್ತಿಯ ಕಾಗದಕ್ಕೆ ಮ್ಯಾಟ್ ಬ್ಲ್ಯಾಕ್. ಭೇದ ನಿತ್ಯ. ಹಳೆಯ ಎಷ್ಟೋ ಯಂತ್ರಗಳಲ್ಲಿ ಇವೆರಡಕ್ಕೂ ಒಂದೇ ಬಾಗಿಲು. ಒಬ್ಬ ಒಳಬರಬೇಕಾದರೆ ಇನ್ನೊಬ್ಬನನ್ನು ತೊಳೆದು ಚೆಲ್ಲಬೇಕಿತ್ತು. 2020ರಲ್ಲಿ ಬಂದ ಎಪ್ಸನ್ ಶ್ಯೂರ್‌ಕಲರ್ ಪಿ700 ಎರಡಕ್ಕೂ ಬೇರೆ ಬೇರೆ ನಾಝಲ್ ಕೊಟ್ಟು ವ್ಯಾಜ್ಯ ಬಗೆಹರಿಸಿತು. ಅದರ ಹತ್ತು ಮಸಿಗಳಲ್ಲಿ ಗ್ರೇ, ಲೈಟ್ ಗ್ರೇ ಸೇರಿ ನಾಲ್ಕು ಕಪ್ಪಿನ ಮನೆತನದವು. ಬೂದಿಗೆ ಬೂದಿನದೇ ಮಸಿ ಇರುವುದರಿಂದ ಬಣ್ಣಗಳಿಗೆ ಕೆಲಸ ಕಮ್ಮಿ, ಮಾವನವರು ಎಲ್ಲಿ ನಿಂತರೂ ಮಾವನವರೇ. ಅದೇ ವರ್ಷದ ಕ್ಯಾನನ್ ಪ್ರೊ-300ರಲ್ಲೂ ಹತ್ತು. ಕಪ್ಪಿನ ಕಡೆಯವು ಮೂರೇ. ಆದರೆ ಕ್ರೋಮಾ ಆಪ್ಟಿಮೈಸರ್ ಎಂಬ ಒಂದಕ್ಕೆ ಬಣ್ಣವೇ ಇಲ್ಲ. ಹೊಳಪು ಎಲ್ಲ ಕಡೆ ಸಮನಾಗಿರಲೆಂದು ಬಳಿಯುವ ತಿಳಿದ್ರವ ಅದು. ನಿರ್ಗುಣವನ್ನು ಕಾರ್ಟ್ರಿಜ್‌ಗೆ ತುಂಬಿ ಮಾರಿದ ನಿದರ್ಶನ ನಮ್ಮ ದರ್ಶನಗಳಲ್ಲೆಲ್ಲೂ ಕಾಣದು.

ಇಷ್ಟೆಲ್ಲ ಕೊಳ್ಳಲು ಯಾರಿಗೆ ಸಾಧ್ಯ? ಕಾಡಿನ ಜೀವಗಳನ್ನು ಕಪ್ಪು-ಬಿಳುಪಿನಲ್ಲಿ ಹಿಡಿದು ಹೆಸರಾದ ಸಂಡೂರಿನ ಎಂ. ವೈ. ಘೋರ್ಪಡೆ ಅವರು ರಾಜಮನೆತನದವರು, ಮೇಲಾಗಿ ಕರ್ನಾಟಕದ ಹಣಕಾಸು ಮಂತ್ರಿಯಾಗಿದ್ದವರು. ಈ ಹವ್ಯಾಸಕ್ಕೆ ಕನಿಷ್ಠ ಅರ್ಹತೆ ಏನೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಡ.

ಇನ್ನು ತೀರ್ಥಯಾತ್ರಾ ಪ್ರಕರಣ. ಪ್ರಿಂಟರಿನ ಕ್ಷೇತ್ರ ದೆಹಲಿಯ ನೆಹರೂ ಪ್ಲೇಸ್. ಮಿಲೆನಿಯಂ ಸಿಟಿ ಸೆಂಟರಿನಲ್ಲಿ ಮೆಟ್ರೋದ ಯೆಲ್ಲೋ ಲೈನ್ ಹತ್ತಿ, ಹೌಜ್ ಖಾಸ್‌ನಲ್ಲಿ ಮೆಜೆಂಟಾ ಲೈನಿಗೆ, ಕಾಲ್ಕಾಜಿ ಮಂದಿರದಲ್ಲಿ ವಯಲೆಟ್ ಲೈನಿಗೆ ಬದಲಾಯಿಸಬೇಕು. ಕಪ್ಪು-ಬಿಳುಪಿನ ಸಾಧಕ ಹಳದಿ, ಮೆಜೆಂಟಾ, ನೇರಳೆ ಮೂರನ್ನೂ ದಾಟದೆ ಗತಿಯಿಲ್ಲ. ಮೂರೂ ಪಿ700ರ ಕಾರ್ಟ್ರಿಜ್‌ಗಳೇ. ಸಯಾನಿಗೆ ಹತ್ತಿರದ ಆಕ್ವಾ ಲೈನ್ ನೋಯ್ಡಾದ ಪಾಲಾಗಿದೆ. ಗ್ರೇ ಲೈನ್ ಇರುವುದು ದ್ವಾರಕಾದಿಂದ ಢಾನ್ಸಾ ಬಸ್ ಸ್ಟ್ಯಾಂಡ್‌ವರೆಗೆ, ನಾಲ್ಕೇ ನಿಲ್ದಾಣ. ಪಿ700ರ ಕಪ್ಪು ಮನೆತನವೂ ನಾಲ್ಕೇ. ಇದನ್ನು ಕಾಕತಾಳೀಯ ಎನ್ನುವವರು ಪಿಎಚ್‌ಡಿಗೆ ನಾಲಾಯಕ್ಕು.

ಋತುಧರ್ಮ ಪ್ರಕರಣವನ್ನು ಅಂಗಡಿಯವನು ಹೇಳುವುದಿಲ್ಲ, ಆದ್ದರಿಂದ ನಾವೇ ಹೇಳಬೇಕು. ಮೇ ತಿಂಗಳ ಲೂ ಗಾಳಿಗೆ ಬಾಲ್ಕನಿಯ ಬಟ್ಟೆ ಒಣಗುವ ಮೊದಲೇ ನಾಝಲ್‌ನ ಮಸಿ ಒಣಗುತ್ತದೆ. ಹಾಗಾಗಿ ವಾರಕ್ಕೊಂದು ಪ್ರಿಂಟ್ ನಿತ್ಯಕರ್ಮ. ಬೇಸಿಗೆ ರಜೆಗೆ ಊರಿಗೆ ಹೋಗಿ ಕರ್ಮಲೋಪ ಮಾಡಿಕೊಂಡವನಿಗೆ ಹೆಡ್ ಕ್ಲೀನಿಂಗ್ ಎಂಬ ಪ್ರಾಯಶ್ಚಿತ್ತವಿದೆ: ಪ್ರಿಂಟರ್ ಗರಗರ ಎಂದು ತನ್ನ ಮಸಿಯನ್ನು ತಾನೇ ಹೀರಿ ಮೇಂಟೆನೆನ್ಸ್ ಬಾಕ್ಸ್‌ಗೆ ಧಾರೆ ಎರೆಯುತ್ತದೆ. ತುಂಬಿದ ಮೇಲೆ ಆ ಪೆಟ್ಟಿಗೆಯನ್ನೂ ದುಡ್ಡು ಕೊಟ್ಟು ತರಬೇಕು. ನವೆಂಬರ್‌ನ ತೊಂದರೆ ಬೇರೆ. ಛಾಯಾಗ್ರಾಹಕ ಆನ್ಸೆಲ್ ಆಡಮ್ಸ್ ಕಡುಗಪ್ಪಿನಿಂದ ಅಚ್ಚಬಿಳಿವರೆಗೆ ಸೊನ್ನೆಯಿಂದ ಹತ್ತು ಎಂದು ಹನ್ನೊಂದು ವಲಯ ಎಣಿಸಿದ. ಐದನೆಯದು ನಟ್ಟನಡುವಿನ ಬೂದು. ಹೊಗೆಮಂಜು ಇಳಿದಾಗ ಸೈಬರ್ ಸಿಟಿಯ ಕಟ್ಟಡ, ರಸ್ತೆ, ಆಕಾಶ, ಎದುರು ಫ್ಲ್ಯಾಟಿನವರು ಸಕಲವೂ ಐದನೇ ವಲಯ. ಉಳಿದ ಹತ್ತಕ್ಕೆ ಮಸಿ ಯಾಕೆ ಕೊಳ್ಳಬೇಕೆಂಬ ಪೂರ್ವಪಕ್ಷಕ್ಕೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ.

ಪ್ರಯೋಜನ ಪ್ರಕರಣ ಅಡುಗೆಮನೆಯಿಂದ ಆರಂಭವಾಗುತ್ತದೆ.

“ರೀ, ಪುಟ್ಟನಿಗೆ ನಾಳೆ ಸೋಲಾರ್ ಸಿಸ್ಟಮ್ ಚಾರ್ಟ್ ಬೇಕಂತೆ. ಕಲರ್‌ನಲ್ಲೇ ಇರ್ಬೇಕಂತೆ ಮತ್ತೆ.”

ಕೃಷ್ಣಸಾಧಕ ಮೊದಲು ನೊಂದುಕೊಳ್ಳುತ್ತಾನೆ. ಆಮೇಲೆ ಶಾಸ್ತ್ರ ನೆನಪಾಗುತ್ತದೆ: ಕಪ್ಪು-ಬಿಳುಪಿನವನ ಮನೆಯಲ್ಲಿ ಮೊದಲು ಒಣಗಿ ಕೂರುವುದು ಉಪಯೋಗಿಸದ ಬಣ್ಣಗಳೇ. ನಾಝಲ್ ಚೆಕ್ ಹಾಳೆಯಲ್ಲಿ ಹಳದಿ ಗೆರೆಗಳ ಹಲ್ಲು ಆಗಲೇ ಅಲ್ಲಲ್ಲಿ ಬಿದ್ದಿವೆ.

“ಕೊಡು, ಈಗ್ಲೇ ಹಾಕ್ತೀನಿ. ಪುಟ್ಟ, ಸೂರ್ಯ ಒಂದು ಸಾಕೇನೋ? ಮೂರು ಮಾಡೋಣ್ವಾ?”