ಉಭಯತೀರ ನಿರ್ಣಯ: ವರ್ಮಾಂಟೋ, ನ್ಯೂ ಹ್ಯಾಂಪ್‌ಶೈರೋ?

ಕನೆಕ್ಟಿಕಟ್ ನದಿಯ ಯಾವ ದಂಡೆಯ ಮೇಲೆ ಮನೆ ಮಾಡಬೇಕು ಎಂಬುದನ್ನು ಬಂದೂಕು, ತೆರಿಗೆ, ಕೆಸರು ಮತ್ತು ಕರಡಿ ಎಂಬ ನಾಲ್ಕು ಪ್ರಮಾಣಗಳಿಂದ ತೀರ್ಮಾನಿಸುವ ಶಾಸ್ತ್ರಕ್ಕೆ ಉಭಯತೀರ ನಿರ್ಣಯ ಎಂದು ಹೆಸರು. ನದಿಯ ಪಶ್ಚಿಮಕ್ಕೆ ವರ್ಮಾಂಟ್, ಪೂರ್ವಕ್ಕೆ ನ್ಯೂ ಹ್ಯಾಂಪ್‌ಶೈರ್. ಅಮೆರಿಕದ ಈಶಾನ್ಯ ಮೂಲೆಯ ಈ ಎರಡು ರಾಜ್ಯಗಳಲ್ಲಿ ಒಂದಕ್ಕೆ ತಲೆ ಅಗಲ, ಬುಡ ಕಿರಿದು. ಇನ್ನೊಂದಕ್ಕೆ ಬುಡ ಅಗಲ, ತಲೆ ಕಿರಿದು. ವಿಸ್ತೀರ್ಣ ಹೆಚ್ಚುಕಡಿಮೆ ಒಂದೇ. 2020ರ ಜನಗಣತಿಯಂತೆ ವರ್ಮಾಂಟಿನಲ್ಲಿ 6.43 ಲಕ್ಷ, ನ್ಯೂ ಹ್ಯಾಂಪ್‌ಶೈರಿನಲ್ಲಿ 13.77 ಲಕ್ಷ ಜನ. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆಗೆ ಇಲ್ಲಿ ಎರಡು ಬಣ್ಣದ ಉದಾಹರಣೆಗಳಿವೆ: ಪಶ್ಚಿಮದಲ್ಲಿ ಹಸಿರು ಬೆಟ್ಟಗಳು, ಪೂರ್ವದಲ್ಲಿ ಬಿಳಿ ಬೆಟ್ಟಗಳು.

ಯಾವುದೇ ಶಾಸ್ತ್ರಕ್ಕೆ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕು ಅನುಬಂಧಗಳಿರಬೇಕು ಎಂಬುದು ಹಿರಿಯರ ಕಟ್ಟಳೆ. ವಿಷಯವನ್ನು ಹೇಳಿಯಾಯಿತು. ಪ್ರಯೋಜನ ಮನಶ್ಶಾಂತಿ, ಅದು ಯಾರಿಗಾದರೂ ದಕ್ಕಿದ್ದಕ್ಕೆ ದಾಖಲೆ ಇಲ್ಲದಿದ್ದರೂ ಗ್ರಂಥಗಳಲ್ಲಿ ನಮೂದಿಸುವುದು ವಾಡಿಕೆ. ಸಂಬಂಧವನ್ನು ನದಿಯ ಮೇಲಿನ ಸೇತುವೆಗಳು ನೋಡಿಕೊಳ್ಳುತ್ತವೆ. ಉಳಿದದ್ದು ಅಧಿಕಾರಿ, ಅಂದರೆ ಜಿಜ್ಞಾಸು. ಈತ ಸಾಮಾನ್ಯವಾಗಿ ದಕ್ಷಿಣದ ಮ್ಯಾಸಚೂಸೆಟ್ಸ್ ನಿವಾಸಿ. ಅಲ್ಲಿ ಪಿಸ್ತೂಲು ಇಟ್ಟುಕೊಳ್ಳಲು ಊರಿನ ಪೊಲೀಸ್ ಮುಖ್ಯಸ್ಥರ ಕೈಯಿಂದ ಪರವಾನಗಿ ಬರಬೇಕು. ಅದಿಲ್ಲದೆ ಹೊತ್ತು ತಿರುಗಿದವರಿಗೆ ಕನಿಷ್ಠ ಒಂದು ವರ್ಷ ಜೈಲು ಎಂದು 1974ರಲ್ಲೇ ಕಾಯ್ದೆ ಬಂದಿದೆ. 2024ರಲ್ಲಿ ನಿಯಮಗಳು ಇನ್ನಷ್ಟು ಬಿಗಿಯಾದವು. ಬಾಡಿಗೆ, ಟ್ರಾಫಿಕ್ಕು, ಪರವಾನಗಿ ಎಂಬ ತಾಪತ್ರಯದಿಂದ ಬೆಂದವನು ಒಂದು ದಿನ ಎಕ್ಸೆಲ್ ಹಾಳೆ ತೆರೆದು ಉತ್ತರಾಭಿಮುಖನಾಗುತ್ತಾನೆ. ಆತನ ಬಳಿ ಬಂದೂಕು ಇರಲೇಬೇಕೆಂದಿಲ್ಲ. ಬಂದೂಕಿನ ಬಗ್ಗೆ ಅಭಿಪ್ರಾಯವಿದ್ದರೆ ಅಧಿಕಾರ ಸಿದ್ಧಿಸುತ್ತದೆ.

ಪೂರ್ವಪಕ್ಷ ಹೀಗಿದೆ: ಸ್ವಾತಂತ್ರ್ಯ ಬೇಕಾದವನು ನ್ಯೂ ಹ್ಯಾಂಪ್‌ಶೈರಿಗೆ ಹೋಗಬೇಕು, ಏಕೆಂದರೆ ಆ ರಾಜ್ಯದ ಕಾರುಗಳ ನಂಬರ್ ಪ್ಲೇಟಿನ ಮೇಲೆಯೇ ‘ಲಿವ್ ಫ್ರೀ ಆರ್ ಡೈ’ ಎಂದು ಬರೆದಿದೆ, ವರ್ಮಾಂಟ್ ಸಮಾಜವಾದಿಗಳ, ಐಸ್‌ಕ್ರೀಮಿನವರ ರಾಜ್ಯ. ಇತಿಹಾಸ ಈ ವಾದಕ್ಕೆ ಒತ್ತಾಸೆಯಾಗಿ ನಿಲ್ಲುವುದಿಲ್ಲ. ವರ್ಮಾಂಟಿನ 1777ರ ಸಂವಿಧಾನವೇ ತಮ್ಮ ಮತ್ತು ರಾಜ್ಯದ ರಕ್ಷಣೆಗಾಗಿ ಆಯುಧ ಧರಿಸುವ ಹಕ್ಕನ್ನು ಜನರಿಗೆ ಕೊಟ್ಟಿತ್ತು. ಅನುಮತಿಯಿಲ್ಲದೆ ಆಯುಧವನ್ನು ಅಡಗಿಸಿ ಒಯ್ಯಬಾರದು ಎಂದು ರಟ್ಲೆಂಡ್ ನಗರ ಮಾಡಿದ ನಿಯಮವನ್ನು ಅಲ್ಲಿನ ಸುಪ್ರೀಂ ಕೋರ್ಟು 1903ರಲ್ಲಿ ತಳ್ಳಿಹಾಕಿತು. ಅಂದಿನಿಂದ ಪರವಾನಗಿ ಎಂಬ ಕಾಗದವನ್ನೇ ಕಾಣದ ರಾಜ್ಯವದು. ಎಷ್ಟರಮಟ್ಟಿಗೆಂದರೆ, ಕಾಗದವಿಲ್ಲದೆ ಪಿಸ್ತೂಲು ಒಯ್ಯುವ ಪದ್ಧತಿಗೆ ದೇಶದ ಉಳಿದ ಭಾಗಗಳಲ್ಲಿ ‘ವರ್ಮಾಂಟ್ ಕ್ಯಾರಿ’ ಎಂದೇ ಹೆಸರು ಬಿತ್ತು. ಸಮಾಜವಾದಿ ಎಂದು ಹೇಳಿಕೊಳ್ಳುವ ವರ್ಮಾಂಟಿನ ರಾಜಕಾರಣಿ ಬರ್ನಿ ಸ್ಯಾಂಡರ್ಸ್ ಅವರೂ ಈ ನೀರು ಕುಡಿದವರೇ. ಪಿಸ್ತೂಲು ಕೊಳ್ಳುವವರ ಹಿನ್ನೆಲೆ ತಪಾಸಣೆಗಾಗಿ 1993ರಲ್ಲಿ ಬಂದ ಬ್ರೇಡಿ ಮಸೂದೆಗೆ ಅವರು ವಿರುದ್ಧವಾಗಿ ಮತ ಹಾಕಿದ್ದರು.

ಇತ್ತ ಸ್ವಾತಂತ್ರ್ಯವನ್ನು ತಗಡಿನ ಮೇಲೆ ಅಚ್ಚೊತ್ತಿಸಿದ ನ್ಯೂ ಹ್ಯಾಂಪ್‌ಶೈರಿನಲ್ಲಿ ಪಿಸ್ತೂಲನ್ನು ಕೋಟಿನೊಳಗೆ ಇಟ್ಟುಕೊಳ್ಳಲು 2017ರವರೆಗೂ ಲೈಸೆನ್ಸು ಬೇಕಿತ್ತು. ಆ ವರ್ಷ ಗವರ್ನರ್ ಕ್ರಿಸ್ ಸುನುನು ಅದನ್ನು ತೆಗೆದುಹಾಕಿದರು. ಬೇಡವಾದ ಆ ಲೈಸೆನ್ಸು ಬೇಕೆಂದವರಿಗೆ ಆಮೇಲೂ ಸಿಗುತ್ತದೆ, ಏಕೆಂದರೆ ಕಾಗದ ಕೇಳುವ ಬೇರೆ ರಾಜ್ಯಗಳಿಗೆ ಹೋದಾಗ ತೋರಿಸಲು ಏನಾದರೂ ಇರಬೇಕಲ್ಲ. ಹೀಗೆ ಪೂರ್ವ ದಂಡೆ 114 ವರ್ಷ ತಡವಾಗಿ ಪಶ್ಚಿಮ ದಂಡೆಯ ಸಮಕ್ಕೆ ಬಂದಿತು. ಬಂದು ನೋಡುವಷ್ಟರಲ್ಲಿ ಪಶ್ಚಿಮ ದಂಡೆ ಇನ್ನೊಂದು ದಾರಿ ಹಿಡಿದಿತ್ತು. 2018ರ ಫೆಬ್ರವರಿಯಲ್ಲಿ ಫೇರ್ ಹೇವನ್ ಶಾಲೆಯ ಮೇಲೆ ದಾಳಿಯ ಸಂಚು ಬಯಲಾದಾಗ ಗವರ್ನರ್ ಫಿಲ್ ಸ್ಕಾಟ್ ಹೊಸ ಬಂದೂಕು ಕಾಯ್ದೆ ಬೇಡವೆಂಬ ತಮ್ಮ ನಿಲುವು ಬದಲಿಸಿದರು. ಏಪ್ರಿಲ್ 11ರಂದು ಮಾಂಟ್‌ಪೀಲಿಯರ್ ಶಾಸನಭವನದ ಮೆಟ್ಟಿಲ ಮೇಲೆ, ಎದುರಿಗೆ ನಿಂತವರ ಬೈಗುಳ ಕೇಳುತ್ತಲೇ, ಹೊಸ ಕಾಯ್ದೆಗೆ ಸಹಿ ಹಾಕಿದರು. ಖಾಸಗಿ ಮಾರಾಟಕ್ಕೂ ಹಿನ್ನೆಲೆ ತಪಾಸಣೆ ಬಂತು. ಕೊಳ್ಳುವ ವಯಸ್ಸು 21ಕ್ಕೆ ಏರಿತು. ಬೇಟೆಯ ಸುರಕ್ಷತಾ ತರಬೇತಿ ಪಡೆದವರಂಥ ಕೆಲವರಿಗೆ ಅದರಲ್ಲಿ ಸಡಿಲಿಕೆ. ಉದ್ದ ಬಂದೂಕಿನ ಮ್ಯಾಗಝೀನಿಗೆ 10, ಪಿಸ್ತೂಲಿನದಕ್ಕೆ 15 ಗುಂಡುಗಳ ಮಿತಿ ಬಿತ್ತು. 2023ರಲ್ಲಿ 72 ಗಂಟೆ ಕಾಯುವ ನಿಯಮವೂ ಸೇರಿತು. ಅದಕ್ಕೆ ಸ್ಕಾಟ್ ಸಹಿ ಹಾಕಲಿಲ್ಲ, ತಡೆಯಲೂ ಇಲ್ಲ. ಸಹಿಯಿಲ್ಲದೆಯೇ ಮಸೂದೆ ಕಾಯ್ದೆಯಾಯಿತು. ರಾಜಕಾರಣದಲ್ಲಿ ಮೌನವ್ರತಕ್ಕೂ ಫಲವುಂಟು ಎಂಬುದಕ್ಕೆ ಮೀಮಾಂಸಕರು ಇದನ್ನು ಉದಾಹರಿಸುತ್ತಾರೆ.

ಈ ಮ್ಯಾಗಝೀನಿನ ಮಿತಿಯಿಂದ ಸೇತು ಸಮಸ್ಯೆ ಎಂಬ ಸೂಕ್ಷ್ಮ ಪ್ರಕರಣ ಹುಟ್ಟಿದೆ. ನ್ಯೂ ಹ್ಯಾಂಪ್‌ಶೈರಿನವನೊಬ್ಬ 17 ಗುಂಡಿನ ಪಿಸ್ತೂಲಿನೊಂದಿಗೆ ನದಿ ದಾಟಿದರೆ ಯಾವ ಹೆಜ್ಜೆಯಲ್ಲಿ ಅಪರಾಧಿಯಾಗುತ್ತಾನೆ? ನದಿಯ ನಟ್ಟನಡುವೆ ಎಂಬ ಉತ್ತರ ತಪ್ಪು. ಎರಡು ರಾಜ್ಯಗಳ ಹಳೆಯ ಗಡಿ ತಕರಾರಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 1933ರಲ್ಲಿ ತೀರ್ಪು ಕೊಟ್ಟಾಗ, ಗಡಿ ಇರುವುದು ವರ್ಮಾಂಟ್ ಕಡೆಯ ದಂಡೆಯಲ್ಲಿ, ನೀರು ಇಳಿದಾಗ ಕಾಣುವ ಗೆರೆಯಲ್ಲಿ ಎಂದಿತು. ನದಿಯೆಲ್ಲ ನ್ಯೂ ಹ್ಯಾಂಪ್‌ಶೈರಿನ ಪಾಲಾಯಿತು; ಸೇತುವೆಗಳ ಖರ್ಚಿನ ಸಿಂಹಪಾಲೂ ಅದರದ್ದೇ ಆಯಿತು. 1866ರಲ್ಲಿ ಕಟ್ಟಿದ ಕಾರ್ನಿಷ್–ವಿಂಡ್ಸರ್ ಮರದ ಮುಚ್ಚುಸೇತುವೆಯ ಮೇಲೆ ನಡೆಯುವವನು ಆ ಕಡೆಯ ದಂಡೆ ಮುಟ್ಟುವವರೆಗೂ ನಿರಪರಾಧಿ. ಮುಟ್ಟಿದ ಮೇಲೂ ಒಂದು ವಿನಾಯಿತಿ ಇದೆ: 2018ರ ಏಪ್ರಿಲಿಗೆ ಮೊದಲೇ ಕೈಯಲ್ಲಿದ್ದ ಮ್ಯಾಗಝೀನುಗಳಿಗೆ ನಿಷೇಧವಿಲ್ಲ. ತಗಡಿನ ಡಬ್ಬಿಗೆ ಜನ್ಮಪತ್ರ ಬರೆಸುವ ಸಂಪ್ರದಾಯ ಎರಡೂ ದಂಡೆಗಳಲ್ಲಿ ಇಲ್ಲದಿರುವುದರಿಂದ ಈ ವಿನಾಯಿತಿಯನ್ನು ಸಾಬೀತುಪಡಿಸುವುದೂ ಕಷ್ಟ, ಅಲ್ಲಗಳೆಯುವುದೂ ಕಷ್ಟ.

ನದಿ ದಾಟಿ ಟೀವಿ ಕೊಂಡು ತರಬಹುದು, ಪಿಸ್ತೂಲು ಕೊಂಡು ತರುವಂತಿಲ್ಲ. 1968ರ ಕೇಂದ್ರ ಕಾಯ್ದೆಯಂತೆ ಪಿಸ್ತೂಲನ್ನು ಸ್ವಂತ ರಾಜ್ಯದಲ್ಲೇ ಪಡೆಯಬೇಕು. ಕನ್ನಡಿಗರಿಗೆ ಇಲ್ಲಿ ಇನ್ನೊಂದು ಗಂಟಿದೆ. ಎಚ್‌-1ಬಿ ವೀಸಾದ ಮೇಲೆ ಬಂದ ಎಂಜಿನಿಯರಿಗೆ ಕೇಂದ್ರ ಕಾಯ್ದೆ ಬಂದೂಕನ್ನು ಮೂಲತಃ ನಿಷೇಧಿಸುತ್ತದೆ. ಆದರೆ ಆತ ಯಾವುದಾದರೂ ರಾಜ್ಯದ ಬೇಟೆ ಲೈಸೆನ್ಸು ಪಡೆದಿದ್ದರೆ ನಿಷೇಧ ಸಡಿಲವಾಗುತ್ತದೆ. ಹುಟ್ಟಾ ಸಸ್ಯಾಹಾರಿಯೊಬ್ಬ ಆತ್ಮರಕ್ಷಣೆಗೆ ಪಿಸ್ತೂಲು ಬಯಸಿದರೆ ಮೊದಲು ಜಿಂಕೆ ಹೊಡೆಯುವ ಅರ್ಹತೆ ಸಂಪಾದಿಸಬೇಕು. ಮಂಗಳೂರು, ಮೈಸೂರಿನವರಿಗೆ ವಿಚಿತ್ರವೆನಿಸುವ ಈ ವ್ಯವಸ್ಥೆ ಕೊಡಗಿನವರಿಗೆ ಅಷ್ಟು ವಿಚಿತ್ರವಲ್ಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರ ಅಧಿಸೂಚನೆ ಅದನ್ನು 2029ರವರೆಗೆ ಮುಂದುವರಿಸಿದೆ. ಕೈಲ್ ಪೊಳ್ದಿನಲ್ಲಿ ಕೋವಿಗೆ ಹೂವಿಟ್ಟು ಬೆಳೆದವರಿಗೆ ವರ್ಮಾಂಟಿನ ನವೆಂಬರ್ ತಿಂಗಳನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆ ನವೆಂಬರೇ ಪೂರ್ವಪಕ್ಷಕ್ಕೆ ನಿಜವಾದ ಉತ್ತರ. ಥ್ಯಾಂಕ್ಸ್‌ಗಿವಿಂಗಿಗೆ 12 ದಿನ ಮುಂಚೆ ಶುರುವಾಗಿ 16 ದಿನ ನಡೆಯುವ ವರ್ಮಾಂಟಿನ ಜಿಂಕೆ ಬೇಟೆಯಲ್ಲಿ ಕಿತ್ತಳೆ ಬಣ್ಣದ ಅಂಗಿ ತೊಟ್ಟವರು ಕಾಡು ಸೇರುತ್ತಾರೆ. ಎದುರು ದಂಡೆಯ ಕಾಡಿನಲ್ಲೂ ಅದೇ ತಿಂಗಳು ಅದೇ ಅಂಗಿ, ಅದೇ ಜಿಂಕೆ, ಬಹುಪಾಲು ಅದೇ ಬಂದೂಕು. ಬೇಲಿ ಹಾಕದ ಪರರ ಜಮೀನಿನಲ್ಲೂ ಬೇಟೆಯಾಡುವ ಹಕ್ಕನ್ನು ವರ್ಮಾಂಟಿನ ಸಂವಿಧಾನವೇ ಕೊಟ್ಟಿದೆ. ಎಕ್ಸೆಲ್ ಹಾಳೆಯಲ್ಲಿ ಹನ್ನೆರಡು ಸಾಲು ಹಿಡಿಯುವ ಕಾಯ್ದೆಭೇದ ಕಾಡಿನೊಳಗೆ ಒಂದು ಸಾಲಿಗೂ ಬರುವುದಿಲ್ಲ. ಆದ್ದರಿಂದ ಸಿದ್ಧಾಂತಿಗಳು ಬಂದೂಕನ್ನು ಗೌಣಪ್ರಮಾಣವೆಂದು ಸಾರಿ ತೆರಿಗೆಗೆ ಹೋಗುತ್ತಾರೆ.

ನ್ಯೂ ಹ್ಯಾಂಪ್‌ಶೈರಿನಲ್ಲಿ ಸಂಬಳಕ್ಕೆ ರಾಜ್ಯ ತೆರಿಗೆಯಿಲ್ಲ, ಅಂಗಡಿಯ ಸಾಮಾನಿಗೆ ಮಾರಾಟ ತೆರಿಗೆಯಿಲ್ಲ. ಬಡ್ಡಿ ಮತ್ತು ಲಾಭಾಂಶದ ಮೇಲಿದ್ದ ತೆರಿಗೆಯೂ 2025ರ ಆರಂಭಕ್ಕೆ ರದ್ದಾಯಿತು. ಜಿಜ್ಞಾಸು ಇಲ್ಲಿ ಪೆನ್ನು ಕೆಳಗಿಟ್ಟು ಸಾಮಾನು ಕಟ್ಟತೊಡಗುತ್ತಾನೆ. ಸುಂಕ ತಪ್ಪಿಸಲು ರಾತ್ರಿಯಿಡೀ ಅಡ್ಡದಾರಿಯಲ್ಲಿ ಗಾಡಿ ಹೊಡೆದವನಿಗೆ ಬೆಳಗಾಗುವ ಹೊತ್ತಿಗೆ ಸುಂಕದ ಕಟ್ಟೆಯೇ ಎದುರಾಯಿತು ಎಂಬುದನ್ನು ಶಾಸ್ತ್ರಕಾರರು ಘಟ್ಟಕುಟೀಪ್ರಭಾತ ನ್ಯಾಯ ಎನ್ನುತ್ತಾರೆ. ನ್ಯೂ ಹ್ಯಾಂಪ್‌ಶೈರಿನಲ್ಲಿ ಆ ಕಟ್ಟೆಯ ಹೆಸರು ಆಸ್ತಿ ತೆರಿಗೆ; ದೇಶದಲ್ಲೇ ಅತಿ ಭಾರದವುಗಳಲ್ಲಿ ಒಂದು. ವರ್ಮಾಂಟಿನಲ್ಲಿ ಆಸ್ತಿ ತೆರಿಗೆಯೂ ಉಂಟು, ಗರಿಷ್ಠ 8.75 ಶೇಕಡಾ ವರಮಾನ ತೆರಿಗೆಯೂ ಉಂಟು, 6 ಶೇಕಡಾ ಮಾರಾಟ ತೆರಿಗೆಯೂ ಉಂಟು. ಆದಕಾರಣ ವರ್ಮಾಂಟಿನ ಜನ ಶನಿವಾರ ಸೇತುವೆ ದಾಟಿ ವೆಸ್ಟ್ ಲೆಬನಾನಿನ ದೊಡ್ಡ ಅಂಗಡಿಗಳಲ್ಲಿ ಕಾರು ತುಂಬಿಸಿಕೊಂಡು ಬರುತ್ತಾರೆ. ಹಾಗೆ ತಂದದ್ದಕ್ಕೆ ವರ್ಷದ ಕೊನೆಗೆ ತಾವೇ ಲೆಕ್ಕ ಬರೆದು ಬಳಕೆ ತೆರಿಗೆ ಕಟ್ಟಬೇಕೆಂಬ ನಿಯಮವಿದೆ. ಮಾನವಸ್ವಭಾವದ ಮೇಲೆ ಸರ್ಕಾರವೊಂದು ಇಟ್ಟ ಇಂಥ ವಿಶ್ವಾಸ ಬೇರೆಡೆ ಅಪರೂಪ.

ಕೆಸರು, ಅಂದರೆ ಜೀವನಶೈಲಿ, ಮೂರನೆಯ ಪ್ರಮಾಣ. ದೊಡ್ಡವರು ಕಾರಿನಲ್ಲಿ ಬೆಲ್ಟು ಕಟ್ಟಲೇಬೇಕೆಂಬ ಕಾಯ್ದೆ ಇಲ್ಲದ ಒಂದೇ ರಾಜ್ಯ ನ್ಯೂ ಹ್ಯಾಂಪ್‌ಶೈರ್. ನಂಬರ್ ಪ್ಲೇಟಿನ ಘೋಷವಾಕ್ಯದ ಎರಡೂ ಭಾಗಗಳನ್ನು ಒಟ್ಟಿಗೆ ಆಚರಿಸಲು ಅನುಕೂಲವಾಗಲೆಂದು ಹೀಗಿರಬಹುದು. ಆ ಪ್ಲೇಟುಗಳನ್ನು ತಯಾರಿಸುವವರು ಕಾಂಕರ್ಡ್ ಜೈಲಿನ ಕೈದಿಗಳು. ಜೆಹೋವನ ಸಾಕ್ಷಿಗಳ ಪಂಥದ ಜಾರ್ಜ್ ಮೇನಾರ್ಡ್ ಎಂಬವರು ಘೋಷವಾಕ್ಯವನ್ನು ಟೇಪಿನಿಂದ ಮುಚ್ಚಿದ್ದಕ್ಕೆ 15 ದಿನ ಜೈಲು ಕಂಡರು; ಮುಚ್ಚಿಕೊಳ್ಳುವ ಸ್ವಾತಂತ್ರ್ಯವೂ ಸ್ವಾತಂತ್ರ್ಯವೇ ಎಂಬರ್ಥದ ತೀರ್ಪನ್ನು ಸುಪ್ರೀಂ ಕೋರ್ಟಿನಿಂದ 1977ರಲ್ಲಿ ಪಡೆದರು. ರಾಜ್ಯದ ಕೆಳಮನೆಯಲ್ಲಿ 400 ಸದಸ್ಯರು, ವರ್ಷಕ್ಕೆ ತಲಾ 100 ಡಾಲರ್ ಸಂಬಳ, 1889ರಿಂದ ಏರಿಲ್ಲ. ಆ ಸದನದೊಳಗೆ ಪಿಸ್ತೂಲು ತರಬಹುದೇ ಎಂಬ ನಿಯಮ ಮಾತ್ರ ಬಹುಮತ ಬದಲಾದಾಗಲೆಲ್ಲ ಬದಲಾಗಿದೆ. ವರ್ಮಾಂಟ್ ಇದಕ್ಕೆಲ್ಲ ಪ್ರತಿಯಾಗಿ ನಿಶ್ಶಬ್ದವನ್ನು ಮುಂದಿಡುತ್ತದೆ. ರಸ್ತೆ ಬದಿಯ ಜಾಹೀರಾತು ಫಲಕಗಳನ್ನು 1968ರಲ್ಲೇ ಕಾಯ್ದೆ ಮಾಡಿ ನಿಷೇಧಿಸಿತು. ರಾಜಧಾನಿ ಮಾಂಟ್‌ಪೀಲಿಯರಿನಲ್ಲಿ ಸುಮಾರು ಎಂಟು ಸಾವಿರ ಜನ, ಒಂದೂ ಮೆಕ್‌ಡೊನಾಲ್ಡ್ಸ್ ಇಲ್ಲ. ನಲವತ್ತು ಗ್ಯಾಲನ್ ಮೇಪಲ್ ರಸ ಕುದಿಸಿ ಒಂದು ಗ್ಯಾಲನ್ ಪಾಕ ಇಳಿಸುವ ಜನರಿಗೆ ಅವಸರವೆಂಬುದಿಲ್ಲ. ಅವಸರವಿದ್ದರೂ ಮಾರ್ಚಿ, ಏಪ್ರಿಲಿನಲ್ಲಿ ಸಾಗದು: ರಾಜ್ಯದ ಅರ್ಧಕ್ಕಿಂತ ಹೆಚ್ಚು ರಸ್ತೆಗಳು ಮಣ್ಣಿನವು, ಹಿಮ ಕರಗಿದಾಗ ಚಕ್ರ ಅಚ್ಚಿನವರೆಗೆ ಹೂತುಹೋಗುತ್ತದೆ. ಇದನ್ನು ಐದನೆಯ ಋತುವೆಂದು ಎಣಿಸುವುದು ಅಲ್ಲಿನ ರೂಢಿ.

ಕರಡಿಯ ಪ್ರಮಾಣ ಬಂದದ್ದು ಶಾಸ್ತ್ರವನ್ನು ಅತಿ ಶ್ರದ್ಧೆಯಿಂದ ಅನುಸರಿಸಿದವರಿಂದ. 2001ರಲ್ಲಿ ಜೇಸನ್ ಸೋರೆನ್ಸ್ ಎಂಬ ವಿದ್ವಾಂಸರು, ಸರ್ಕಾರ ಕಡಿಮೆ ಬಯಸುವ 20,000 ಮಂದಿ ಒಂದೇ ಸಣ್ಣ ರಾಜ್ಯಕ್ಕೆ ಹೋಗಿ ನೆಲೆಸಬೇಕೆಂದು ಸೂಚಿಸಿದರು. ಹತ್ತು ರಾಜ್ಯಗಳ ಪಟ್ಟಿ ತಯಾರಾಯಿತು, ವರ್ಮಾಂಟೂ ಅದರಲ್ಲಿತ್ತು. 2003ರ ಮತದಾನದಲ್ಲಿ ನ್ಯೂ ಹ್ಯಾಂಪ್‌ಶೈರ್ ಗೆದ್ದಿತು. ಆ ವರ್ಷವೇ ಮೇ 3ರಂದು ರಾಜ್ಯದ ಲಾಂಛನವಾಗಿದ್ದ ‘ಬೆಟ್ಟದ ಮುದುಕ’ ಎಂಬ ಬಂಡೆಯ ಮುಖ ಕುಸಿದು ಬಿತ್ತು. ಇದನ್ನು ಕಾಕತಾಳೀಯ ನ್ಯಾಯದಲ್ಲಿ ಸೇರಿಸಿ ಮುಂದೆ ಹೋಗುವುದು ಕ್ಷೇಮ. 20,000 ಸಹಿಗಳು 2016ಕ್ಕೆ ಪೂರ್ತಿಯಾದವು, ಗಂಟುಮೂಟೆ ಕಟ್ಟಿಕೊಂಡು ಬಂದವರು ಬಹಳ ಕಡಿಮೆ. ಬಂದವರಲ್ಲಿ ಕೆಲವರು ಗ್ರಾಫ್ಟನ್ ಎಂಬ ಪುಟ್ಟ ಊರನ್ನು ಆರಿಸಿ, ಊರಿನ ಖರ್ಚನ್ನು ಕತ್ತರಿಸಲು ಹೊರಟರು. ಕಸ, ಆಹಾರಗಳ ವಿಷಯದಲ್ಲಿ ಯಾರೂ ಯಾರಿಗೂ ಹೇಳುವಂತಿಲ್ಲದ ಆ ವಾತಾವರಣಕ್ಕೆ ಕಪ್ಪು ಕರಡಿಗಳು ಮಾರುಹೋದವು. ಊರಿನ ಒಬ್ಬರು ಅವಕ್ಕೆ ಡೋನಟ್ ಹಾಕುತ್ತಿದ್ದುದನ್ನೂ ಮ್ಯಾಥ್ಯೂ ಹೊಂಗೋಲ್ಟ್ಜ್‌–ಹೆಟ್ಲಿಂಗ್ 2020ರ ತಮ್ಮ ಪುಸ್ತಕದಲ್ಲಿ ದಾಖಲಿಸಿದ್ದಾರೆ. ಶಿವಪೂಜೆಯಲ್ಲಿ ಕರಡಿ ಎಂಬ ಮಾತು ಅಕ್ಷರಶಃ ನಡೆದ ಊರು ಭೂಲೋಕದಲ್ಲಿ ಬಹುಶಃ ಅದೊಂದೇ.

ಎರಡು ದಂಡೆಯ ಲಾಭವೂ ಬೇಕೆನ್ನುವವರಿಗೆ ದೇಹಲೀದೀಪ ನ್ಯಾಯವಿದೆ; ಹೊಸ್ತಿಲ ಮೇಲಿಟ್ಟ ದೀಪ ಒಳಗೂ ಹೊರಗೂ ಬೆಳಕು ಕೊಡುತ್ತದೆ. ನ್ಯೂ ಹ್ಯಾಂಪ್‌ಶೈರಿನ ಹ್ಯಾನೋವರಿನಲ್ಲಿ ಡಾರ್ಟ್‌ಮತ್ ಕಾಲೇಜು, ಎದುರಿಗೆ ವರ್ಮಾಂಟಿನ ನಾರ್ವಿಚ್. ಎರಡೂ ಊರಿನ ಮಕ್ಕಳು ಒಂದೇ ಹೈಸ್ಕೂಲಿಗೆ ಹೋಗುತ್ತಾರೆ. ದೇಶದ ಮೊದಲ ಅಂತರರಾಜ್ಯ ಶಾಲಾ ಜಿಲ್ಲೆಯಾದ ಡ್ರೆಸ್ಡೆನ್‌ನ ಮಸೂದೆಗೆ ಅಧ್ಯಕ್ಷ ಕೆನಡಿ 1963ರ ನವೆಂಬರಿನಲ್ಲಿ ಸಹಿ ಹಾಕಿದ್ದರು. ಆದರೆ ನಾರ್ವಿಚ್‌ನಲ್ಲಿ ಮನೆ ಮಾಡಿ ಹ್ಯಾನೋವರಿನಲ್ಲಿ ದುಡಿದರೆ ಸಂಬಳದ ತೆರಿಗೆ ವರ್ಮಾಂಟಿಗೆ. ಹ್ಯಾನೋವರಿನಲ್ಲಿ ಮನೆ ಮಾಡಿ ವರ್ಮಾಂಟಿನಲ್ಲಿ ದುಡಿದರೂ ತೆರಿಗೆ ವರ್ಮಾಂಟಿಗೇ. ದೀಪದ ಎಣ್ಣೆಯ ಖರ್ಚನ್ನು ನ್ಯಾಯಶಾಸ್ತ್ರ ಚರ್ಚಿಸಿಲ್ಲ.

ಮನೆ ಬದಲಿಸದೆ ರಾಜ್ಯವನ್ನೇ ಬದಲಿಸುವುದು ಕೊನೆಯ ಉಪಾಯ. ಇದಕ್ಕೆ ಪೂರ್ವಾಚಾರವಿದೆ. 1778 ಮತ್ತು 1781ರಲ್ಲಿ ನ್ಯೂ ಹ್ಯಾಂಪ್‌ಶೈರಿನ ನದಿ ಬದಿಯ ಊರುಗಳು ತಾವಾಗಿ ವರ್ಮಾಂಟ್ ಸೇರಿದ್ದವು. 1782ರಲ್ಲಿ ವರ್ಮಾಂಟ್ ಅವನ್ನು ಕೈಬಿಟ್ಟಿತು. 1997ರಲ್ಲಿ ಎರಡೂ ರಾಜ್ಯಗಳ ಸುಪ್ರೀಂ ಕೋರ್ಟುಗಳು ಶಾಲೆಗಳ ಹಣ ಹಂಚಿಕೆ ಅಸಮವೆಂದು ಒಂದೇ ಬಗೆಯ ತೀರ್ಪು ಕೊಟ್ಟವು. ವರ್ಮಾಂಟ್ ಹೊಸ ಪದ್ಧತಿ ತಂದಾಗ ಶ್ರೀಮಂತ ಸ್ಕೀಯಿಂಗ್ ಊರುಗಳ ಆಸ್ತಿ ತೆರಿಗೆ ರಾಜ್ಯದ ಶಿಕ್ಷಣ ನಿಧಿಗೆ ಹರಿಯತೊಡಗಿತು. ಅವುಗಳಲ್ಲೊಂದಾದ ಕಿಲಿಂಗ್‌ಟನ್ ಸಿಟ್ಟಾಗಿ 2004ರ ಮಾರ್ಚಿಯ ಊರ ಸಭೆಯಲ್ಲಿ ನ್ಯೂ ಹ್ಯಾಂಪ್‌ಶೈರಿಗೆ ಸೇರಬೇಕೆಂದು ಮತ ಹಾಕಿತು, ಮರುವರ್ಷ ಮತ್ತೊಮ್ಮೆ ಹಾಕಿತು. ಗಡಿ ಅಲ್ಲಿಂದ ಸುಮಾರು 40 ಕಿಲೋಮೀಟರ್ ಪೂರ್ವಕ್ಕಿತ್ತು, ನಡುವಿನ ಊರುಗಳನ್ನು ಯಾರೂ ಕೇಳಿರಲಿಲ್ಲ. ವರ್ಮಾಂಟಿನ ಶಾಸನಸಭೆ ಒಪ್ಪಲಿಲ್ಲ. ಕಿಲಿಂಗ್‌ಟನ್ ಈಗಲೂ ವರ್ಮಾಂಟಿನಲ್ಲೇ ಇದ್ದು ತೆರಿಗೆಯನ್ನು ಅಲ್ಲಿಗೇ ಕಟ್ಟುತ್ತಿದೆ.