ಎಳ್ಳುನೀರು ಬಿಟ್ಟ ದೋಣಿ

ಸಂಕ್ರಾಂತಿ ಕಳೆದು ವಾರವಾಯಿತು. ಅಪ್ಪಯ್ಯನೂ ನಮ್ಮನೆಯವರೂ ಇನ್ನೂ ಮಾತು ಬಿಟ್ಟಿದ್ದಾರೆ. ಬಿಟ್ಟಿದ್ದಾರೆ ಅಂದರೆ ಪೂರ್ತಿ ಬಿಟ್ಟಿಲ್ಲ, ನನ್ನ ಮೂಲಕ ನಡೆಸುತ್ತಿದ್ದಾರೆ. "ಅಳಿಯಂದಿರಿಗೆ ಹೇಳು, ಉಪ್ಪಿನಕಾಯಿ ಭರಣಿ ಇತ್ಲಾಗೆ ಕೊಡೂಕೆ." ಭರಣಿ ಇರುವುದು ಅಳಿಯಂದಿರ ಮೊಣಕೈ ಹತ್ತಿರ, ಅಳಿಯಂದಿರ ಮೊಣಕೈ ಇರುವುದು ಅಪ್ಪಯ್ಯನ ಮೊಣಕೈ ಹತ್ತಿರ. ನಾನು ಅಡುಗೆಮನೆಯಿಂದ ಬಂದು, ಭರಣಿಯನ್ನು ಆರು ಅಂಗುಲ ಸರಿಸಿ, ನಗು ತಡೆಯಲಾರದೆ ಮತ್ತೆ ಅಡುಗೆಮನೆಗೆ ಓಡುತ್ತೇನೆ.

ಜಗಳ ದೋಣಿಯದು. ಹೈದರಾಬಾದಿನ ಉಪ್ಪಲ್‌ನಲ್ಲಿ, ಮೂರಂತಸ್ತಿನ ಮನೆಯ ಟೆರೇಸಿನ ಮೇಲೆ, ನೀರಿನ ಟ್ಯಾಂಕಿಗೂ ಬಟ್ಟೆ ಒಣಗಿಸುವ ಹಗ್ಗಕ್ಕೂ ನಡುವೆ, ಹದಿನಾಲ್ಕು ಅಡಿಯ ಫೈಬರ್ ದೋಣಿ. ಹೆಸರಿನಲ್ಲಿ ಉಪ್ಪಿದೆ ಅನ್ನುವುದು ಬಿಟ್ಟರೆ ನಮ್ಮ ಉಪ್ಪಲ್‌ಗೂ ಸಮುದ್ರಕ್ಕೂ ಯಾವ ಸಂಬಂಧವೂ ಇಲ್ಲ.

ಅದು ಇಲ್ಲಿಗೆ ಬಂದದ್ದು 2020ರ ದೆಸೆಯಿಂದ. ಆ ಅಕ್ಟೋಬರ್ 13ರ ಮಳೆ ಈ ಊರಿನವರು ಯಾರೂ ಮರೆತಿಲ್ಲ. ಬೇಗಂಪೇಟೆಯಲ್ಲಿ ಇಪ್ಪತ್ನಾಲ್ಕು ಗಂಟೆಯಲ್ಲಿ 19 ಸೆಂಟಿಮೀಟರ್, ಕಾಲನಿಗಳಲ್ಲಿ ಎದೆಯುದ್ದ ನೀರು, ಬೀದಿಗಳಲ್ಲಿ ರಕ್ಷಣಾ ಪಡೆಯ ರಬ್ಬರ್ ದೋಣಿ. ಗಂಗೊಳ್ಳಿಯ ಮನೆಯಲ್ಲಿ ಕೂತು ಟಿವಿ ನೋಡಿದ ಅಪ್ಪಯ್ಯ ಅಂದೇ ತೀರ್ಮಾನಿಸಿದ್ದ: ಮಗಳ ಊರಿನಲ್ಲಿ ನೀರು ಬರುತ್ತದೆ, ದೋಣಿ ಇಲ್ಲ. ತನ್ನ ಹತ್ತಿರ ದೋಣಿ ಇದೆ. ಮರುವರ್ಷ ಅಮ್ಮ ಹೋದಳು. ಒಬ್ಬನೇ ಇರುವುದು ಬೇಡ, ಬಾ ಅಂದೆ. ಒಬ್ಬನೇ ಬರಲಿಲ್ಲ. ಲಾರಿಯಲ್ಲಿ ಅವಳನ್ನೂ ಕರೆದುಕೊಂಡು ಬಂದ.

ಅವಳು ಅಂದರೆ ದೋಣಿ. ನನ್ನಮ್ಮ ಅದನ್ನು ಕರೆಯುತ್ತಿದ್ದದ್ದೇ 'ಸವತಿ' ಅಂತ. ಹೈಸ್ಕೂಲಿನ ಲೆಕ್ಕದ ಮೇಷ್ಟ್ರು ಅಪ್ಪಯ್ಯ. ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟರೆ ಪಂಚಗಂಗಾವಳಿ ಹೊಳೆಯಲ್ಲಿ ಮಾಯ, ಸೋಮವಾರ ಬೆಳಿಗ್ಗೆ ಪ್ರತ್ಯಕ್ಷ. ಐದು ನದಿ ಸೇರುವ ಜಾಗ, ಒಂದೊಂದರಲ್ಲಿ ಒಂದೊಂದು ಗಂಟೆ ತಿರುಗಿದರೂ ಸಂಜೆಯಾಗುತ್ತದೆ ಅನ್ನುವುದು ಅವನ ಗಣಿತ. ಆ ಸವತಿ ಈಗ ನನ್ನ ತಲೆಯ ಮೇಲೆ, ಅಕ್ಷರಶಃ, ಕೂತಿದ್ದಾಳೆ.

"ಅಜ್ಜಾ, ನೀರು ಟೆರೇಸಿನವರೆಗೆ ಬಂದರೆ ದೋಣಿ ಸಾಲಲ್ಲ, ಹಡಗೇ ಬೇಕು" ಎಂದು ನನ್ನ ಮಗ ಮೊದಲ ದಿನವೇ ಅಂದ. ಅಜ್ಜ ಕೇಳಿಸಿಕೊಳ್ಳಲಿಲ್ಲ. ಮೈಸೂರಿನವರಾದ ನಮ್ಮನೆಯವರು ಇತಿಹಾಸ ತೆಗೆದರು. 1908ರಲ್ಲಿ ಮೂಸಿ ಉಕ್ಕಿ ಊರು ಮುಳುಗಿತ್ತು, ಮರುವರ್ಷ ನಿಜಾಮರು ಕರೆಸಿಕೊಂಡದ್ದು ನಮ್ಮ ವಿಶ್ವೇಶ್ವರಯ್ಯನವರನ್ನು, ಅವರ ಯೋಜನೆಯಂತೆ 1920ರಲ್ಲಿ ಉಸ್ಮಾನ್ ಸಾಗರ, 1927ರಲ್ಲಿ ಹಿಮಾಯತ್ ಸಾಗರ ಆದವು, ಅಷ್ಟು ದೊಡ್ಡ ಕನ್ನಡಿಗರು ಮಾಡಿಟ್ಟ ಮೇಲೆ ದೋಣಿ ಯಾಕೆ ಮಾವ?

"ಅವ್ರು ಕಟ್ಟಿದ್ದ್ ಮೂಸಿಗೆ. ಈ ನಲ್ಲ ಚೆರುವಿಗೆ ಯಾರ್ ಕಟ್ಟಿದ್ರ್?"

ನಮ್ಮ ಪಕ್ಕದ ಆ ಕೆರೆಯ ಕೋಡಿ ಅಪ್ಪಯ್ಯನ ಪರವಾಗಿಯೇ ಇದ್ದದ್ದರಿಂದ ವಾದ ಅಲ್ಲಿಗೆ ನಿಂತಿತು.

ಬಿಸಿಲಿಗೆ ಫೈಬರ್ ದೋಣಿಯ ಹೊಳಪು ಸಾಯುತ್ತದೆ. ಮೇಲಿನ ಗೆಲ್‌ಕೋಟ್ ಪದರ ಸುಣ್ಣದಂತಾಗಿ, ಒರಗಿದವರ ಅಂಗಿಯೆಲ್ಲ ಬಿಳಿ. ನಾಲ್ಕು ಬೇಸಿಗೆ ಕಳೆದು, ಒಣಗಿಸಿದ ಸೀರೆಗಳಿಗೆಲ್ಲ ಸವತಿಯ ಪೌಡರ್ ಹತ್ತತೊಡಗಿದಾಗ ಇವರು ಘೋಷಿಸಿದರು: "ಪ್ರೊಫೆಷನಲ್ ಕರೆಸೋಣ." ಇವರಿಗೆ ಎಲ್ಲಕ್ಕೂ ಪ್ರೊಫೆಷನಲ್ ಬೇಕು. ಗೋಡೆಗೆ ಕ್ಯಾಲೆಂಡರಿನ ಮೊಳೆ ಹೊಡೆಯಲೂ ಎಲೆಕ್ಟ್ರಿಷಿಯನ್ ಬರುತ್ತಾನೆ. ಅಪ್ಪಯ್ಯ ಇದಕ್ಕೆ ತದ್ವಿರುದ್ಧ. ತನ್ನ ಹಲ್ಲನ್ನೂ ತಾನೇ ಕಿತ್ತುಕೊಂಡ ಮನುಷ್ಯ.

ಪೇಂಟರ್ ಬಂದ. ಕಾರಿಗೆ ಡೆಂಟಿಂಗ್, ಪೇಂಟಿಂಗ್ ಮಾಡುವವನು. ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತ ನೋಡಿದ. "ಪಡವಾ? ಉಪ್ಪಲ್‌ಲೋ ಪಡವ ಎಂದುಕು ಸಾರ್?" ನಾಲ್ಕು ವರ್ಷದಿಂದ ನಾನು ಕೇಳುತ್ತಿರುವ ಪ್ರಶ್ನೆಯನ್ನು ಅಪರಿಚಿತನೊಬ್ಬ ಅಷ್ಟು ಸರಳವಾಗಿ ಕೇಳಿದ್ದಕ್ಕೆ ಅವನಿಗೆ ಎರಡು ಲೋಟ ಚಹಾ ಕೊಟ್ಟೆ. ಬೆರಳಿನ ಗೆಣ್ಣಿನಿಂದ ಕಟಕಟ ಬಡಿದು, ಬಂಪರಿನ ಹಾಗೇ ಇದೆ, ಪೂರಾ ಪುಟ್ಟಿ ಹಾಕಿ, ಸ್ಪ್ರೇ ಹೊಡೆದು "ಅದ್ದಂಲಾ ಚೇಸ್ತಾ" ಅಂದ. ಕನ್ನಡಿಯಂತೆ. ಅವನು ಹೇಳಿದ ರೇಟಿಗೆ ಗಂಗೊಳ್ಳಿಯಲ್ಲಿ ಇಂಥದೇ ಇನ್ನೊಂದು ಹಳೇ ದೋಣಿ ಬರುತ್ತಿತ್ತೇನೋ. ಅದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಅಪ್ಪಯ್ಯ ಎರಡನೆಯದನ್ನೂ ತರಿಸಿಬಿಟ್ಟಾನು.

ಪೇಂಟರ್ ಜೇಬಿನಿಂದ ಉಪ್ಪುಕಾಗದ ತೆಗೆದು ಮೂತಿಯ ಹತ್ತಿರ ಒಂದು ತಿಕ್ಕು ತಿಕ್ಕಿದ. ಅಪ್ಪಯ್ಯ ಹೌಹಾರಿದ.

"ಮೇಣ ತೆಗಿದೆ ತಿಕ್ಕುಕೆ ಹೊರ್ಟ! ಇವ್ನಿಗೆಂತ ಗೊತ್ತಿತ್ತ್?"

ಮಾತು ಸರಿಯೇ. ಫೈಬರ್ ಮೈಮೇಲೆ ಮೇಣ, ಜಿಡ್ಡು ಕೂತಿರುತ್ತದೆ. ಮೊದಲು ಅಸಿಟೋನಿನಂಥ ದ್ರಾವಕದಲ್ಲಿ ಒಂದು ಬಟ್ಟೆಯಿಂದ ಒರೆಸಿ, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಿಂದ ಎತ್ತಬೇಕು. ಇಲ್ಲದಿದ್ದರೆ ತಿಕ್ಕಿದ ಗೀರಿನೊಳಗೇ ಮೇಣ ಇಳಿದು, ಮೇಲಿನ ಬಣ್ಣ ಹಪ್ಪಳದಂತೆ ಎದ್ದುಬರುತ್ತದೆ. ಆದರೆ ಪೇಂಟರನ್ನು ಅಟ್ಟಿದ್ದಕ್ಕೆ ಮೇಣವೇ ಕಾರಣ ಅಂತ ನಾನು ನಂಬುವುದಿಲ್ಲ. ಅವನು ತಿಕ್ಕಿದ ಜಾಗ ಯಾವುದು ಅಂತ ನನಗೆ ಗೊತ್ತು.

ಮೂತಿಯ ಎಡಕ್ಕೆ ಅಂಗೈಯಗಲದ ಒಂದು ತಗ್ಗಿದೆ, ಸುತ್ತ ಜೇಡರ ಬಲೆಯಂಥ ಬಿರುಕು. ದೋಣಿ ತಂದ ದಿನ ಪೂಜೆಯಾಗಿ, ಎಲ್ಲರೂ ಕಲ್ಲಿಗೆ ಕಾಯಿ ಒಡೆದರೆ, ಅಮ್ಮ ಮಾತ್ರ ಇಡೀ ತೆಂಗಿನಕಾಯನ್ನು ಎತ್ತಿ ನೇರ ದೋಣಿಯ ಮೂತಿಗೇ ಅಪ್ಪಳಿಸಿದ್ದಳಂತೆ. ಕಾಯಿಯೂ ಒಡೆಯಿತು, ಗೆಲ್‌ಕೋಟೂ ಒಡೆಯಿತು. 'ಭಕ್ತಿ ಹೆಚ್ಚಾಯ್ತು' ಅಂದಳಂತೆ. ಅಪ್ಪಯ್ಯ ಅದಕ್ಕೆ ಪುಟ್ಟಿ ಹಾಕಲಿಲ್ಲ, ಅಂದೂ ಹಾಕಲಿಲ್ಲ, ಪ್ರತಿವರ್ಷ ಮೀನುಗಾರಿಕೆ ನಿಷೇಧದ ದಿನಗಳಲ್ಲಿ ದೋಣಿಯನ್ನು ದಡಕ್ಕೆಳೆದು ಬಣ್ಣ ಬಳಿದಾಗಲೂ ಹಾಕಲಿಲ್ಲ. ಈ ಸಲವೂ ಸುತ್ತಲಿನ ತೂತುಗಳನ್ನೆಲ್ಲ ಮುಚ್ಚಿ, ಅದೊಂದನ್ನು ಬಿಟ್ಟ. ಇವರು ಬೆರಳು ತೋರಿಸಿ "ಮಾವ, ಇಲ್ಲೊಂದು ಬಿಟ್ಟುಹೋಗಿದೆ" ಅಂದರು. ಲೆಕ್ಕದ ಮೇಷ್ಟ್ರು ಉತ್ತರ ಕೊಡದೆ ಇದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೆಲಸ ತಾನೇ ಕೈಗೆತ್ತಿಕೊಂಡ ಅಪ್ಪಯ್ಯ, ಬಣ್ಣ ಎಷ್ಟು ಬೇಕು ಅಂತ ತಿಳಿಯಲು ಟೆರೇಸಿನ ನೆಲದ ಮೇಲೆಲ್ಲ ಸೀಮೆಸುಣ್ಣದಲ್ಲಿ ಸಿಂಪ್ಸನ್ ಸೂತ್ರ ಬರೆದು ದೋಣಿಯ ವಿಸ್ತೀರ್ಣ ತೆಗೆದ. ಕೆಲಸದವಳು ಅದನ್ನು ರಂಗೋಲಿ ಅಂದುಕೊಂಡು ಎರಡು ದಿನ ದಾಟಿ ಓಡಾಡಿದಳು. ತಂದದ್ದು ಎರಡು ಡಬ್ಬಿ ಬೆರೆಸುವ ಪಿ.ಯು. ಬಣ್ಣ. ಸ್ಪ್ರೇ ಹೊಡೆದರೆ ಶ್ವಾಸಕೋಶಕ್ಕೆ ಕೆಟ್ಟದ್ದು, ಅದಕ್ಕೆ ರೋಲರಿನಲ್ಲೇ ಹಚ್ಚುವುದು. ಇವರು ತಂದ ಎರಡು ಮೂತಿಯ ಮಾಸ್ಕನ್ನು ಬೈರಾಸದ ಮುಂಡಾಸಿನ ಕೆಳಗೆ ಕಟ್ಟಿಕೊಂಡು ನಿಂತ ಅಪ್ಪಯ್ಯ ಥೇಟ್ ಯಕ್ಷಗಾನದ ಬಣ್ಣದ ವೇಷ. ರೋಲರಿನವನ ಹಿಂದೆಯೇ ಇನ್ನೊಬ್ಬ ಬ್ರಶ್ಶಿನ ತುದಿಯಿಂದ ಮೆಲ್ಲಗೆ ಸವರುತ್ತ ಗುಳ್ಳೆ ಒಡೆಯುತ್ತ ಬರಬೇಕು, ಬಣ್ಣ ಬಿಗಿಯುವ ಮೊದಲೇ. ಅಂದರೆ ಇಬ್ಬರು ಬೇಕು. ಮುಂದೆ ಮಾವ, ಹಿಂದೆ ಅಳಿಯ. ಮೊಳೆ ಹೊಡೆಯದ ನನ್ನ ಗಂಡ ಬ್ರಶ್ ಹಿಡಿದದ್ದನ್ನು ನಾನು ಫೋಟೋ ತೆಗೆದು ಅತ್ತೆಗೆ ಕಳಿಸಿದೆ. 'ಹುಷಾರಿಲ್ವಾ ಅವನಿಗೆ?' ಅಂತ ಉತ್ತರ ಬಂತು.

ಭೋಗಿಯ ದಿನ ಹೊರಮೈ ಮುಗಿಯಿತು. ನಿಜಕ್ಕೂ ಚೆನ್ನಾಗಿಯೇ ಬಂತು. ಸಂಕ್ರಾಂತಿ ಬೆಳಿಗ್ಗೆ ದೋಣಿಯನ್ನು ಮಗುಚಿ ಒಳಗಿನ ತಳಕ್ಕೆ ನೀಲಿ ಹಚ್ಚಿದರು. ಆಕಾಶದ ತುಂಬ ಪಟ. ಸಂಕ್ರಾಂತಿಗೆ ಇಲ್ಲಿ ಹಕ್ಕಿಗೂ ಜಾಗವಿರುವುದಿಲ್ಲ. ಕೊನೆಯ ಮೂಲೆ ಮುಗಿಯುವಷ್ಟರಲ್ಲಿ ಸೂತ್ರ ಹರಿದ ಒಂದು ಹಳದಿ ಪಟ ತೂರಾಡುತ್ತ ಬಂದು, ಇಡೀ ಉಪ್ಪಲ್ ಬಿಟ್ಟು, ಹಸಿ ನೀಲಿಯ ನಟ್ಟನಡುವೆ ಅಂಗಾತ ಮಲಗಿತು.

"ಈಗಲೇ ಎಳೆದುಬಿಡೋಣ" ಅಂದರು ಇವರು. "ಮುಟ್ಟೂಕಿಲ್ಲ, ಒಣಗಲಿ" ಅಂದ ಅಪ್ಪಯ್ಯ. "ಒಣಗಿದರೆ ಕಾಗದ ಬರಲ್ಲ." "ಎಳೆದ್ರೆ ಬಣ್ಣ ಬತ್ತ್." ಪಕ್ಕದ ಟೆರೇಸಿನಿಂದ ಐವರು ಹುಡುಗರು, "ಅಂಕಲ್, ಪತಂಗ್ ದೇದೋ!" ನನ್ನ ಮಗ, "ಹಿಡಿದವರಿಗೇ ಪಟ. ದೋಣಿ ಹಿಡಿದಿದೆ, ದೋಣಿಗೇ ಸೇರಿದ್ದು." ಪಕ್ಕದ ಮನೆಯಾಕೆ ತಟ್ಟೆ ತುಂಬ ಸಕಿನಾಲು ಹಿಡಿದು ಬಂದವರು ಪಂಚಾಯಿತಿಗೆ ಕೂತೇಬಿಟ್ಟರು. ಇಪ್ಪತ್ತು ನಿಮಿಷ. ಟ್ರೇಯಲ್ಲಿ ಬೆರೆಸಿಟ್ಟ ಬಣ್ಣ ಹಾಲುಬಾಯಿಯ ಹದಕ್ಕೆ ಬಂತು, ರೋಲರ್ ಅದರೊಳಗೇ ನಿಂತುಬಿಟ್ಟಿತು, ವಾದ ಮಾತ್ರ ಗಟ್ಟಿಯಾಗಲಿಲ್ಲ.

ಕೊನೆಗೆ ತಾಳಲಾರದೆ ಇವರು ದೋಣಿಯ ಅಂಚಿಗೆ ಹೊಟ್ಟೆ ಆನಿಸಿ, ಪಟದ ತುದಿಗೆ ಕೈ ಚಾಚಿ ಬಗ್ಗಿದರು. ಮೈಸೂರಿನ ಮಗ. ಬೆಳಿಗ್ಗೆಯೇ ಬಂದವರಿಗೆಲ್ಲ ಬೀರಲೆಂದು ಅಂಗಿಯ ಜೇಬು ತುಂಬ ಎಳ್ಳು ಬೆಲ್ಲ ತುಂಬಿಕೊಂಡಿದ್ದರು.

ಆ ಸದ್ದು ನನಗಿನ್ನೂ ಕೇಳುತ್ತದೆ. ಸರ್ರ್ ಅಂತ, ಮುಂಗಾರಿನ ಮೊದಲ ಹನಿ ತಗಡಿನ ಮೇಲೆ ಬಿದ್ದಂತೆ. ಎಳ್ಳು ಮೊದಲು, ಹಿಂದೆಯೇ ಬೆಲ್ಲದ ಅಚ್ಚುಕಟ್ಟಾದ ಚೂರು, ಕೊಬ್ಬರಿ, ಹುರಿಗಡಲೆ, ಕಡಲೆಬೀಜ, ಕೊನೆಗೆ ಟಪ್ಪೆಂದು ಒಂದು ಸಕ್ಕರೆ ಅಚ್ಚು, ಆನೆಯದು. ಆನೆ ನಿಂತ ಭಂಗಿಯಲ್ಲೇ ಅಂಟಿಕೊಂಡಿತು.

ಅಪ್ಪಯ್ಯನಿಗೆ ಸಂಕ್ರಾಂತಿ ಅಂದರೆ ಮಾರಣಕಟ್ಟೆ ಜಾತ್ರೆ. ಎಳ್ಳು ಅವನ ಲೆಕ್ಕದಲ್ಲಿ ತರ್ಪಣದ ಸಾಮಾನು. ಮಾಸ್ಕ್ ಕಳಚಿ, ಅಷ್ಟೂ ಜನರ ಎದುರು, ಶಾಂತವಾಗಿ ಕೇಳಿದ:

"ನನ್ ದೋಣಿಗೆ ಎಳ್ಳುನೀರ್ ಬಿಟ್ರಿ ಅಲ್ದಾ, ಅಳಿಯಂದಿರೇ?"

ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಬೇಕಂತೆ. ಅವತ್ತು ಅದನ್ನು ತಿಂದವಳು ಸವತಿ ಒಬ್ಬಳೇ, ಮಾತಾಡದೆ ಇದ್ದವಳೂ ಅವಳೊಬ್ಬಳೇ.

ಮರುದಿನ ಬೆಲ್ಲಕ್ಕೆ ಇರುವೆ ಸಾಲುಗಟ್ಟಿ ಬಂದವು. ಮೂರನೆಯ ದಿನ ಎಳ್ಳಿಗೆ ಪಾರಿವಾಳ. ಅಪ್ಪಯ್ಯ ಹುಟ್ಟು ಹಿಡಿದು ಟೆರೇಸಿನಲ್ಲಿ ಪಾರಿವಾಳ ಅಟ್ಟುತ್ತಾನೆ; ಈ ಊರಿಗೆ ಬಂದ ಮೇಲೆ ಹುಟ್ಟಿಗೆ ಸಿಕ್ಕ ಮೊದಲ ಕೆಲಸ. ನಿನ್ನೆ ಸಂಜೆ ಬಟ್ಟೆ ತರಲು ಹೋದಾಗ ಬರಿಗಾಲಲ್ಲಿ ದೋಣಿಯೊಳಗೆ ನಿಂತು, ಪಾದವನ್ನು ಹಿಂದೆ ಮುಂದೆ ಉಜ್ಜಿ ನೋಡುತ್ತಿದ್ದ. ದೋಣಿಯ ತಳಕ್ಕೆ ಕಾಲು ಜಾರದಿರಲೆಂದು ಹಸಿ ಬಣ್ಣದ ಮೇಲೆ ಸಣ್ಣ ಮರಳು ಉದುರಿಸುವುದುಂಟು.

"ಜಾರುದಿಲ್ಲೆ" ಅಂದ, ನನ್ನ ಕಡೆ ನೋಡದೆ. "ಅಳಿಯಂದಿರಿಗೆ ಹೇಳೂದ್ ಬ್ಯಾಡ."

ಹೇಳಿದೆ. ಇವರು ಸರಸರ ಮೇಲೆ ಬಂದು, ಆನೆಯನ್ನು ಬೆರಳಿನಿಂದ ಮುಟ್ಟಿ ನೋಡಿ, ನನ್ನ ಕಡೆ ತಿರುಗಿ, "ಮಾವನಿಗೆ ಹೇಳು, ಇನ್ನು ಹೆಸರೊಂದು ಬರೆಸಿದರೆ ಆಯ್ತು" ಅಂದರು. ಏನು ಹೆಸರು? ನಾನು 'ಸವತಿ' ಅಂದೆ. ಕನ್ನಡದಲ್ಲಿ ಬರೆದರೂ ಅಕ್ಷರ ಒಂದೇ ಥರ, ಪಕ್ಕದ ಮನೆಯಾಕೆ ತೆಲುಗಿನಲ್ಲೇ ಓದಿಬಿಡುತ್ತಾರೆ, ಅರ್ಥವೂ ಅದೇ, ಮಾನ ಹೋಗುತ್ತದೆ ಎಂದು ಇವರು ನಕ್ಕರು. ಅಪ್ಪಯ್ಯ ನಗಲಿಲ್ಲ. ಮೂತಿಯ ಆ ತಗ್ಗಿನ ಮೇಲೆ ಅಂಗೈ ಇಟ್ಟು, ಅಕ್ಷರಕ್ಕೆ ಎಷ್ಟು ಜಾಗ ಬಿಡಬೇಕೆಂದು ಗೇಣು ಹಾಕುತ್ತಿದ್ದ.

"ಬರ್ಸೂದಲ್ಲ. ನಾನೇ ಬರಿತೆ."

ಇವರು ಆಗಲೇ ಬೋರ್ಡ್ ಬರೆಯುವವನಿಗೆ ಫೋನ್ ಹಚ್ಚಿದ್ದರು.