ಹಳೆಯ ಮಳೆಮರ: ಬಳಕೆದಾರರ ಕೈಪಿಡಿ

ತಮ್ಮ ಮನೆಯ ಮುಂದೆ ಹಿಂದಿನವರು ಉಚಿತವಾಗಿ ಅಳವಡಿಸಿ ಹೋಗಿರುವ ಮಳೆಮರಕ್ಕಾಗಿ ಅಭಿನಂದನೆಗಳು. ಮಧ್ಯ ಮತ್ತು ದಕ್ಷಿಣ ಅಮೆರಿಕ ಮೂಲದ ಈ ಮಾದರಿ ಬೆಂಗಳೂರಿನ ರಸ್ತೆಗಳಲ್ಲಿ ದಶಕಗಳಿಂದ ಚಾಲ್ತಿಯಲ್ಲಿದೆ. ಸಂಜೆಯಾದರೆ, ಮೋಡ ಕವಿದರೆ ಎಲೆಗಳು ತಾವಾಗಿಯೇ ಮಡಚಿಕೊಳ್ಳುತ್ತವೆ. ಇದು ದೋಷವಲ್ಲ, ಸೌಲಭ್ಯ. ಸ್ವಿಚ್ ಹುಡುಕಬೇಡಿ.

1. ದೋಷ ಪತ್ತೆ
ನಾಲ್ಕು ಕೊಂಬೆ ಒಣಗಿದ ಮಾತ್ರಕ್ಕೆ ಮರ ಸತ್ತಿತೆಂದು ಸಾರಬೇಡಿ. ಬಿಸಿಲು ಕಾಣದ ಒಳಗೊಂಬೆಗಳನ್ನು ಮರ ತಾನೇ ಕೈಬಿಡುವುದುಂಟು. ಅನುಮಾನವಿದ್ದರೆ ಎಳೆ ರೆಂಬೆಯ ತೊಗಟೆಯನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಜೀವವಿದೆ. ನೆತ್ತಿಯ ತುದಿಗಳೇ ಒಂದೊಂದಾಗಿ ಒಣಗುತ್ತ ಕೆಳಗಿಳಿಯುತ್ತಿದ್ದರೆ ಮೇಲೆ ನೋಡುವುದನ್ನು ಬಿಟ್ಟು ಬುಡ ನೋಡಿ. ಅಲ್ಲಿ ತಾವೇ ಹಾಕಿಸಿದ ಟೈಲ್ಸ್ ಕಾಣಬಹುದು.

2. ಬುಡ
ನೀರು ಹೀರುವ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಇದ್ದು, ನೆರಳಿನ ಅಂಚನ್ನೂ ದಾಟಿ ಹರಡಿರುತ್ತವೆ. ಅಂದರೆ ತಮ್ಮ ಕಾರು ನಿಂತಿರುವುದು ಮರದ ಬಾಯಿಯ ಮೇಲೆ. ಅದನ್ನು ಸರಿಸಿ. ಕಾಂಡಕ್ಕೆ ಒತ್ತಿಕೊಂಡಿರುವ ಕಾಂಕ್ರೀಟನ್ನು ಬೇರಿಗೆ ಪೆಟ್ಟಾಗದಂತೆ ಬಿಡಿಸಿ. ದೆಹಲಿಯಲ್ಲಿ ಮರದ ಸುತ್ತ ಒಂದು ಮೀಟರ್ ಮಣ್ಣು ಬಿಡಿ ಎನ್ನಲು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೇ ಬಾಯಿ ತೆರೆಯಬೇಕಾಯಿತು. ತರಗೆಲೆಗೆ ಬೆಂಕಿ ಇಡದೆ ಬುಡದ ಸುತ್ತ ಹರಡಿ. ಕಾಂಡಕ್ಕೆ ಮಾತ್ರ ಒಟ್ಟಬೇಡಿ.

3. ಕೊಂಬೆ ತೆಗೆಯುವುದು
1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಮರಕ್ಕೆ ಕೊಡಲಿ ಹಾಕಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ಎಲೆ ಬಿದ್ದು ಅಂಗಳ ಗಲೀಜಾಗುತ್ತದೆಂಬ ಎದುರುಮನೆಯವರ ಒತ್ತಾಯ ಅದಕ್ಕೆ ಸಮನಲ್ಲ. ಏಣಿ ಹಾಕಿಕೊಂಡು ತಾವೇ ಹತ್ತಬೇಡಿ. ಬಲ್ಲವರನ್ನು ಕರೆಸಿ, ಮೂರು ಕೊಯ್ತ ಹಾಕಿಸಿ. ಮೊದಲನೆಯದು ಕಾಂಡದಿಂದ ಒಂದಡಿ ದೂರದಲ್ಲಿ, ಕೆಳಗಿನಿಂದ, ಅರೆಬರೆ. ಎರಡನೆಯದು ಅದರಾಚೆ, ಮೇಲಿನಿಂದ, ಪೂರ್ತಿ. ಮೂರನೆಯದು ಉಳಿದ ಮೋಟಿಗೆ. ಮೊದಲನೆಯದನ್ನು ಬಿಟ್ಟರೆ ಬೀಳುವ ಕೊಂಬೆ ಕಾಂಡದ ಸಿಪ್ಪೆಯನ್ನೂ ಸುಲಿದುಕೊಂಡು ಹೋಗುತ್ತದೆ.

ಎಚ್ಚರಿಕೆ: ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ನುಣ್ಣಗೆ ಕಾಣಲೆಂದು ಅದನ್ನು ಹೆರೆಯಬೇಡಿ; ಗಾಯ ಮುಚ್ಚಿಕೊಳ್ಳುವುದು ಅಲ್ಲಿಂದಲೇ. ಡಾಂಬರು, ಪೇಂಟು ಬಳಿಯಬೇಡಿ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೀಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಹೇಳಿದ್ದಿಷ್ಟು: ಮರದ ಗಾಯ ಮಾಯುವುದಿಲ್ಲ, ಕೊಳೆತ ಭಾಗದ ಸುತ್ತ ಮರ ಒಳಗೇ ಗೋಡೆ ಕಟ್ಟಿಕೊಳ್ಳುತ್ತದೆ. ಆ ಕಾಮಗಾರಿಗೆ ತಮ್ಮ ಬ್ರಷ್ ಬೇಕಿಲ್ಲ.

ಕೆಳಗೆ ಯಾರೂ ಓಡಾಡದ ಕಡೆ ಗಟ್ಟಿಯಾಗಿ ನಿಂತಿರುವ ಒಣಕೊಂಬೆಯಿದ್ದರೆ ಬಿಟ್ಟುಬಿಡಿ. ಕುಟ್ರುಹಕ್ಕಿ ಅಡ್ವಾನ್ಸ್ ಕೊಡದೆ, ಕರಾರುಪತ್ರ ಕೇಳದೆ, ತೂತು ಕೊರೆದು ಸಂಸಾರ ಹೂಡುತ್ತದೆ.

4. ಬಿಡಿಭಾಗಗಳು
ಟ್ಯೂಷನ್ ಬೋರ್ಡು, ಪಿ.ಜಿ. ಜಾಹೀರಾತು, ಅವುಗಳ ಮೊಳೆ, ಕೇಬಲ್ ಸುರುಳಿ, ಸೀರಿಯಲ್ ಸೆಟ್ಟು ಇವು ಮರದ ಜೊತೆ ಬಂದವಲ್ಲ. ಕಳಚಿಡಿ.

5. ಖಾತರಿ
ಬೇರು ಕಡಿದು ಚರಂಡಿ ತೋಡಿದಲ್ಲಿ ಖಾತರಿ ರದ್ದಾಗುತ್ತದೆ. ಮರವನ್ನೇ ಉರುಳಿಸಿದಲ್ಲಿ ಬದಲಿಗೆ ಹತ್ತು ಸಸಿ ನೆಡುವುದಾಗಿ ಭರವಸೆ ಸಿಗಬಹುದು. ಬದಲಿ ಘಟಕಗಳು ಪೂರ್ಣ ಸಾಮರ್ಥ್ಯಕ್ಕೆ ಬರಲು ಹಲವು ದಶಕ ಹಿಡಿಯುತ್ತದೆ. ಅಲ್ಲಿಯವರೆಗೆ ಗ್ರಾಹಕರು ತಮ್ಮ ಛತ್ರಿಯನ್ನು ತಾವೇ ತರತಕ್ಕದ್ದು.